ಗಂಗಾಳದ ಮುಂದೆ ಮುಗಿಯುವ ಆಟ

ನಮ್ಮ ಮೈಯೊಳಗಿನ ಒಂದು ಕೆಂಪು ರಕ್ತಕಣದ ಆಯುಷ್ಯ ಸುಮಾರು 120 ದಿನ. ಅದು ಸತ್ತಾಗ ಅದರ ಜಾಗಕ್ಕೆ ಹೊಸದೊಂದು ಹುಟ್ಟಬೇಕು. ಹೊಸ ಕಣಕ್ಕೆ ಬೇಕಾದ ಕಬ್ಬಿಣದ ಬಹುಪಾಲನ್ನು ದೇಹ ಹಳೆಯ ಕಣಗಳಿಂದಲೇ ಮರಳಿ ಪಡೆಯುತ್ತದೆ. ಕಡಿಮೆ ಬಿದ್ದದ್ದನ್ನು ಊಟ ತುಂಬಬೇಕು. ಊಟ ತುಂಬದಿದ್ದರೆ ಆ ದಿನ ಏನೂ ಆಗುವುದಿಲ್ಲ, ಮರುದಿನವೂ ಆಗುವುದಿಲ್ಲ. ತಿಂಗಳುಗಳು ಕಳೆದ ಮೇಲೆ ಎಂಟನೇ ತರಗತಿಯ ಹುಡುಗಿ ಮೆಟ್ಟಿಲು ಹತ್ತುವಾಗ ಏದುಸಿರು ಬಿಡುತ್ತಾಳೆ, ಮಧ್ಯಾಹ್ನದ ಪಾಠದಲ್ಲಿ ತೂಕಡಿಸುತ್ತಾಳೆ. ಜುಲೈಯಲ್ಲಿ ತಾಟಿನ ಅಂಚಿಗೆ ಸರಿಸಿದ ಸೊಪ್ಪಿಗೂ ನವೆಂಬರಿನ ಈ ಸುಸ್ತಿಗೂ ನಂಟಿದೆ ಎಂದು ಅವಳಿಗೆ ಹೇಗೆ ತಿಳಿಯಬೇಕು? ಪುಸ್ತಕ ಅದನ್ನು ಹೇಳುತ್ತದೆ. ಕಣ್ಣಿಗೆ ಕಾಣುವಂತೆ ಮಾಡುವ ಶಕ್ತಿ ಅದಕ್ಕಿಲ್ಲ.

ಆಟಕ್ಕೆ ಆ ಶಕ್ತಿ ಇದೆ. ನೂರಿಪ್ಪತ್ತು ದಿನಗಳನ್ನು ಹತ್ತು ನಿಮಿಷಕ್ಕೆ ಮಡಚಿ, ಮಗು ಆರಿಸಿದ ಪ್ರತಿ ತುತ್ತಿನ ಫಲವನ್ನು ಅದರ ಮುಂದೆಯೇ ಬಿಚ್ಚಿಡಬಲ್ಲದು. ಜಾಲತಾಣ, ಮೊಬೈಲ್ ಆಟ, ಸ್ಮಾರ್ಟ್ ಬೋರ್ಡುಗಳ ಮೂಲಕ ಆಹಾರದ ಪಾಠ ಹೇಳುವ ಪ್ರಯತ್ನಗಳು ಎರಡು ದಶಕಗಳಿಂದ ಜಗತ್ತಿನಾದ್ಯಂತ ನಡೆದಿವೆ. ಅವು ಏನು ಸಾಧಿಸಿದವು, ಎಲ್ಲಿ ಸೋತವು, ರಬಕವಿ-ಬನಹಟ್ಟಿಯಂಥ ಊರಿನ ಶಾಲೆಗೆ ಅವುಗಳಿಂದ ಆಗುವ ಉಪಯೋಗವೇನು ಎಂಬುದನ್ನು ಒಂದೆಡೆ ನೋಡುವುದು ಈ ಲೇಖನದ ಉದ್ದೇಶ.

ಅಂಕಿಗಳೂ ಓಣಿಗಳೂ

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ, ಶೇ 32.9ರಷ್ಟು ಮಂದಿಗೆ ವಯಸ್ಸಿಗೆ ತಕ್ಕ ತೂಕವಿಲ್ಲ. ಆರು ತಿಂಗಳಿಂದ ಐದು ವರ್ಷದ ಮಕ್ಕಳಲ್ಲಿ ಶೇ 65.5, ಹದಿನೈದರಿಂದ ನಲವತ್ತೊಂಬತ್ತು ವರ್ಷದ ಹೆಂಗಸರಲ್ಲಿ ಶೇ 47.8 ಮಂದಿಗೆ ರಕ್ತಹೀನತೆ. ಇದಕ್ಕೂ ಹಿಂದಿನ 2015-16ರ ಸಮೀಕ್ಷೆಗೆ ಹೋಲಿಸಿದರೆ ಎತ್ತರ, ತೂಕದ ಕೊರತೆ ತುಸು ತಗ್ಗಿದೆ; ರಕ್ತಹೀನತೆ ಏರಿದೆ. ಆ ಎಳೆಯ ಮಕ್ಕಳೇ ಇಂದು ನಮ್ಮ ಶಾಲೆಯ ಬೆಂಚಿನ ಮೇಲೆ ಕುಳಿತಿದ್ದಾರೆ.

ರಬಕವಿ-ಬನಹಟ್ಟಿ ನೇಕಾರರ ಊರು. ಕೈಮಗ್ಗವೂ ವಿದ್ಯುತ್ ಮಗ್ಗವೂ ಇಲ್ಲಿನ ಓಣಿಗಳ ಉಸಿರು. ಊರ ಸುತ್ತ ಕೃಷ್ಣಾ, ಘಟಪ್ರಭೆಯರ ನೀರುಂಡ ಕಬ್ಬಿನ ಗದ್ದೆಗಳು, ಸಕ್ಕರೆ ಕಾರ್ಖಾನೆಗಳು, ಮಹಾಲಿಂಗಪುರದ ಬೆಲ್ಲದ ಪೇಟೆ. ಜೋಳ, ಸಜ್ಜೆ ಬೆಳೆಯುತ್ತಿದ್ದ ನೆಲದಲ್ಲಿ ಕಬ್ಬು ಹರಡಿದೆ. ಪಡಿತರದಲ್ಲಿ ಅಕ್ಕಿ ಸಿಗುತ್ತದೆ. ಮಗ್ಗದ ಮನೆಯಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಕೆಲಸದ ನಡುನಡುವೆ ಚಹಾ ಓಡಾಡುತ್ತದೆ, ಹಿರಿಯರ ಕಪ್ಪಿನಿಂದ ಮಕ್ಕಳ ಬಸಿಗೂ ಇಳಿಯುತ್ತದೆ. ಶಾಲೆ ಬಿಟ್ಟೊಡನೆ ಕಿರಾಣಿ ಅಂಗಡಿಯಲ್ಲಿ ಐದು ರೂಪಾಯಿಯ ಪಾಕೀಟು ತೂಗಾಡುತ್ತಿರುತ್ತದೆ. ಶಾಲೆಯ ಸುತ್ತ ಐವತ್ತು ಮೀಟರಿನೊಳಗೆ ಹೆಚ್ಚು ಕೊಬ್ಬು, ಉಪ್ಪು, ಸಕ್ಕರೆಯ ತಿನಿಸುಗಳನ್ನು ಮಕ್ಕಳಿಗೆ ಮಾರಬಾರದು, ಅವುಗಳ ಜಾಹೀರಾತೂ ಇರಬಾರದು ಎಂದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ 2020ರಲ್ಲೇ ನಿಯಮ ಮಾಡಿದೆ. ಐವತ್ತೊಂದನೇ ಮೀಟರಿನಲ್ಲಿ ಕೈಯಲ್ಲಿರುವ ಐದು ರೂಪಾಯಿಯನ್ನು ಏನು ಮಾಡಬೇಕೆಂಬ ನಿರ್ಧಾರ ಮಗುವಿನದೇ. ಪಾಠ ಕಲಿಸಬೇಕಾದದ್ದು ಆ ನಿರ್ಧಾರವನ್ನು.

ನಮ್ಮ ಮಕ್ಕಳಿಗೆ ಪುಸ್ತಕದ ಉತ್ತರ ಗೊತ್ತಿದೆ. ಸಮತೋಲನ ಆಹಾರ ಎಂದರೇನು ಎಂದು ಕೇಳಿ, ಶರ್ಕರಪಿಷ್ಟ, ಪ್ರೋಟೀನು, ಕೊಬ್ಬು, ಜೀವಸತ್ವ, ಖನಿಜ ಎಂದು ಉಸಿರು ಬಿಡದೆ ಒಪ್ಪಿಸುತ್ತಾರೆ. ಆ ಪಟ್ಟಿ ಪರೀಕ್ಷೆಯ ಹಾಳೆಯಿಂದ ಊಟದ ಗಂಗಾಳಕ್ಕೆ ಇಳಿದು ಬರುವುದಿಲ್ಲ.

ಆಡುತ್ತ ಕಲಿಯುವುದು ನಮಗೆ ಹೊಸದಲ್ಲ

ಆಟದ ಮೂಲಕ ಬದುಕಿನ ಪಾಠ ಹೇಳುವುದು ಈ ನೆಲಕ್ಕೆ ಪರಕೀಯವಲ್ಲ. ಹಾವು-ಏಣಿಯ ಹಳೆಯ ರೂಪವಾದ ಪರಮಪದ ಸೋಪಾನದಲ್ಲಿ ಪ್ರತಿ ಏಣಿಯೂ ಒಂದು ಸದ್ಗುಣ, ಪ್ರತಿ ಹಾವೂ ಒಂದು ದುರ್ಗುಣ. ಕವಡೆ ಎಸೆಯುತ್ತ ಎಸೆಯುತ್ತ, ಮಾಡಿದ್ದಕ್ಕೆ ಫಲ ಉಂಟು ಎಂಬ ಮಾತು ಮಗುವಿನ ಮನಸ್ಸಿಗೆ ಇಳಿಯುತ್ತಿತ್ತು. ಅಳಗುಳಿ ಮಣೆ ಆಡಿದವರಿಗೆ ಎಣಿಕೆ ತಾನಾಗಿ ಬರುತ್ತಿತ್ತು.

ಶಾಲೆಯೊಳಗೂ ಈ ಹಾದಿ ಬಂದಿದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಯುನಿಸೆಫ್ ನೆರವಿನಿಂದ, ಆಂಧ್ರದ ರಿಷಿವ್ಯಾಲಿಯ ಪ್ರಯೋಗದಿಂದ ಸ್ಫೂರ್ತಿ ಪಡೆದು ಶುರುವಾದ ನಲಿ-ಕಲಿ ಪದ್ಧತಿ, 2009-10ರ ಹೊತ್ತಿಗೆ ರಾಜ್ಯದ ಸರ್ಕಾರಿ ಶಾಲೆಗಳ ಕೆಳ ತರಗತಿಗಳನ್ನೆಲ್ಲ ತಲುಪಿತು. ಕಲಿಕಾ ಏಣಿ, ಮೈಲಿಗಲ್ಲು, ಚಿತ್ರವಿರುವ ಕಾರ್ಡು, ತನ್ನ ಮೆಟ್ಟಿಲನ್ನು ತಾನೇ ಗುರುತಿಸಿಕೊಂಡು ಮುಂದೆ ಸಾಗುವ ಮಗು: ಇಂದು ಕಂಪ್ಯೂಟರ್ ಆಟದಲ್ಲಿ ನಾವು ಹಂತ ಎಂದು ಕರೆಯುವ ಏರ್ಪಾಡು ಇದೇ. ನಲಿ-ಕಲಿ ಮಾಡಿಸಿದ ಶಿಕ್ಷಕಿಗೆ ಆಟದ ಒಳಗುಟ್ಟು ಆಗಲೇ ಗೊತ್ತು. ಮಗು ತಪ್ಪಿದರೆ ಬೈಗುಳವಿಲ್ಲ, ಮತ್ತೊಮ್ಮೆ ಆಡಬಹುದು. ತಪ್ಪಿನ ಫಲ ಕೂಡಲೇ ಕಾಣುತ್ತದೆ. ಮುಂದಿನ ಮೆಟ್ಟಿಲು ಕೈಗೆ ಎಟುಕುವಷ್ಟೇ ಎತ್ತರದಲ್ಲಿರುತ್ತದೆ.

ಹೊರಗಿನ ಪ್ರಯೋಗಗಳು ತೋರಿಸಿದ್ದು

ಆಹಾರದ ಆಟಗಳ ಅಧ್ಯಯನದಲ್ಲಿ ಮೊದಲು ನೆನೆಯಬೇಕಾದದ್ದು ಅಮೆರಿಕದ ಹ್ಯೂಸ್ಟನ್ನಿನ ಬೇಲರ್ ವೈದ್ಯಕೀಯ ಕಾಲೇಜಿನ ಟಾಮ್ ಬರನೋವ್ಸ್ಕಿ ಮತ್ತು ಸಂಗಡಿಗರ ಕೆಲಸ. ಅವರ 'ಸ್ಕ್ವೈರ್ಸ್ ಕ್ವೆಸ್ಟ್' ಆಟದಲ್ಲಿ ಮಗು ಒಂದು ರಾಜ್ಯದ ಎಳೆಯ ಯೋಧ. ಹಣ್ಣು-ತರಕಾರಿಯ ಬೆಳೆ ಹಾಳುಗೆಡವಲು ಬಂದ ಶತ್ರುಗಳಿಂದ ರಾಜ್ಯವನ್ನು ಕಾಯಬೇಕು, ಆಟದ ಅಡುಗೆಮನೆಯಲ್ಲಿ ಅಡುಗೆ ಮಾಡಬೇಕು, ಇಂದು ಮನೆಯಲ್ಲಿ ಇಂಥದ್ದನ್ನು ತಿನ್ನುತ್ತೇನೆ ಎಂದು ಗುರಿ ಇಟ್ಟುಕೊಳ್ಳಬೇಕು. 26 ಶಾಲೆಗಳ ನಾಲ್ಕನೇ ತರಗತಿಯ ಸುಮಾರು 1,500 ಮಕ್ಕಳು ಭಾಗಿಯಾದ ಈ ಅಧ್ಯಯನ 2003ರಲ್ಲಿ ಪ್ರಕಟವಾಯಿತು. ಐದು ವಾರಗಳಲ್ಲಿ ಹತ್ತು ಸಲ ಆಟವಾಡಿದ ಮಕ್ಕಳು ಆಡದ ಮಕ್ಕಳಿಗಿಂತ ದಿನಕ್ಕೆ ಒಂದು ಪಾಲು ಹೆಚ್ಚು ಹಣ್ಣು-ತರಕಾರಿ ತಿಂದರು.

ಅದೇ ತಂಡ ದೊಡ್ಡ ಖರ್ಚಿನಲ್ಲಿ, ಸಾಹಸಕಥೆಯ ಮೆರುಗಿನಲ್ಲಿ 'ಎಸ್ಕೇಪ್ ಫ್ರಮ್ ಡಯಾಬ್', 'ನ್ಯಾನೋಸ್ವಾರ್ಮ್' ಎಂಬ ಆಟಗಳನ್ನು ಪರೀಕ್ಷಿಸಿತು. 2011ರಲ್ಲಿ ಹೊರಬಂದ ಫಲಿತಾಂಶದಲ್ಲಿ ಹಣ್ಣು-ತರಕಾರಿ ದಿನಕ್ಕೆ 0.67 ಪಾಲಿನಷ್ಟು ಏರಿತ್ತು. ನೀರು ಕುಡಿಯುವುದು, ಆಟೋಟ, ಮೈಯ ತೂಕ-ಅಳತೆ ಇವುಗಳಲ್ಲಿ ಬದಲಾವಣೆ ಕಾಣಲಿಲ್ಲ. ಹಣ ಹೆಚ್ಚು ಸುರಿದ ಮಾತ್ರಕ್ಕೆ ಫಲ ಹೆಚ್ಚಲಿಲ್ಲ ಎಂಬುದನ್ನು ನಾವು ಗಮನಿಸಬೇಕು.

ಮೂರನೆಯದು ನಮಗೆ ಹತ್ತಿರದ್ದು. ಚೆನ್ನೈಯಲ್ಲಿ 10-11 ವರ್ಷದ 104 ಮಕ್ಕಳ ಮೇಲೆ 'ಫೂಯಾ' ಎಂಬ ಮೊಬೈಲ್ ಆಟದ ಪರೀಕ್ಷೆ ನಡೆಯಿತು. ವರದಿ 2020ರಲ್ಲಿ ಬಂತು. ಒಂದು ಗುಂಪು ಆ ಆಟ ಆಡಿತು, ಇನ್ನೊಂದು ಗುಂಪು ಊನೋ ಎಂಬ ಎಲೆಯಾಟ ಆಡಿತು. ಇಪ್ಪತ್ತು ನಿಮಿಷಗಳ ಎರಡೇ ಸುತ್ತು. ಆಟ ಮುಗಿದ ಮೇಲೆ ತಿನಿಸುಗಳನ್ನು ಎದುರಿಗಿಟ್ಟಾಗ ಫೂಯಾ ಆಡಿದವರು ಆರೋಗ್ಯಕರವಾದದ್ದನ್ನು ಹೆಚ್ಚಾಗಿ ಆರಿಸಿದರು. ಒಂದೆರಡು ದಿನದ ಫಲ ಒಂದು ವರ್ಷ ಉಳಿಯುತ್ತದೆಂದು ಇದರಿಂದ ಹೇಳಲಾಗದು. ಆದರೆ ಭಾರತದ ಮಗುವೂ ಆಟದಿಂದ ಕೈಯ ಆಯ್ಕೆ ಬದಲಿಸಬಲ್ಲದು ಎಂಬುದಕ್ಕೆ ಇದು ಸಾಕ್ಷಿ.

ನಾಲ್ಕನೆಯದರಲ್ಲಿ ವಿದ್ಯುತ್ತೇ ಬೇಕಿಲ್ಲ. ಇಟಲಿಯ ನೇಪಲ್ಸಿನಲ್ಲಿ 'ಕಲೇದೋ' ಎಂಬ ಹಲಗೆಯಾಟವನ್ನು 11ರಿಂದ 14 ವರ್ಷದ ಮಕ್ಕಳು 24 ವಾರ ಆಡಿದರು. ಆಡಿದವರು, ಆಡದವರು ಸೇರಿ ಅಧ್ಯಯನದಲ್ಲಿದ್ದ ಮಕ್ಕಳು 241. 2006ರ ಈ ವರದಿಯ ಪ್ರಕಾರ ಆಡಿದವರ ತಿಳಿವಳಿಕೆಯೂ ಹೆಚ್ಚಿತು, ವಾರದಲ್ಲಿ ತಿಂದ ತರಕಾರಿಯೂ ಹೆಚ್ಚಿತು. ಕಂಪ್ಯೂಟರ್ ಕೊಠಡಿಗೆ ಬೀಗ ಬಿದ್ದಿರುವ ಶಾಲೆಯ ಶಿಕ್ಷಕರು ಈ ಅಧ್ಯಯನವನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಇವೆಲ್ಲವನ್ನು ಕೂಡಿಸಿ ನೋಡಿದರೆ ಒಂದು ಸಂಗತಿ ಸ್ಪಷ್ಟ. ಆಟ ತಿಳಿವಳಿಕೆಯನ್ನು ಸುಲಭವಾಗಿ ಹೆಚ್ಚಿಸುತ್ತದೆ, ನಡವಳಿಕೆಯನ್ನು ಸ್ವಲ್ಪ ಬದಲಿಸುತ್ತದೆ, ಮೈಯನ್ನು ಒಂದೇ ಋತುವಿನಲ್ಲಿ ಬದಲಿಸುವುದಿಲ್ಲ. ಫಲ ಕಂಡಲ್ಲಿ ಆಟ ಒಂದು ದಿನದ ಮನರಂಜನೆಯಾಗಿರದೆ ವಾರಗಟ್ಟಲೆ ನಡೆದಿತ್ತು, ಇಲ್ಲವೇ ನಿಜವಾದ ತಿನಿಸು ಮಗುವಿನ ಕೈಗೆ ಎಟುಕುವಂತಿತ್ತು.

ಎಡವುವ ಜಾಗಗಳು

ಮೊದಲ ತೊಡಕು ತಿನಿಸಿನದು. ಅಮೆರಿಕದ ಕೃಷಿ ಇಲಾಖೆ 2011ರಲ್ಲಿ ತಂದ 'ಮೈಪ್ಲೇಟ್' ಚಿತ್ರ ಮತ್ತು ಅದರ ಸುತ್ತ ಹುಟ್ಟಿದ ಮಕ್ಕಳ ಆಟಗಳು ಅಚ್ಚುಕಟ್ಟಾಗಿವೆ. ಕೊಲರಾಡೋ ವಿಶ್ವವಿದ್ಯಾಲಯದ ಫೆಟ್ ಯೋಜನೆಯಲ್ಲಿ ಊಟ ಮತ್ತು ವ್ಯಾಯಾಮವನ್ನು ಬದಲಿಸಿ ವರ್ಷಗಟ್ಟಲೆಯ ಫಲ ನೋಡುವ ಒಂದು ಪ್ರಯೋಗವೂ ಇದೆ. ಆದರೆ ಅಲ್ಲಿನ ಅಡುಗೆಮನೆ ಅಮೆರಿಕದ್ದು. ಬ್ರೊಕೋಲಿ, ಬ್ಲೂಬೆರಿಗಳನ್ನು ಸರಿಯಾದ ಪೆಟ್ಟಿಗೆಗೆ ಎಳೆದು ಹಾಕಿ ನೂರು ಅಂಕ ಪಡೆದ ಬನಹಟ್ಟಿಯ ಹುಡುಗ ಮನೆಗೆ ಹೋಗಿ ತಿನ್ನುವುದು ರೊಟ್ಟಿ-ಪಲ್ಯ. ಆ ಅಂಕಕ್ಕೂ ಈ ಊಟಕ್ಕೂ ಸಂಬಂಧವಿಲ್ಲ. ಇನ್ನೂ ಕೆಟ್ಟದ್ದೆಂದರೆ, ಒಳ್ಳೆಯ ಊಟ ಎಲ್ಲೋ ದೂರದ ಶ್ರೀಮಂತರದು, ತನ್ನ ಅವ್ವ ಬಡಿಸಿದ್ದು ಕಡಿಮೆ ದರ್ಜೆಯದು ಎಂಬ ಭಾವ ಮಗುವಿನೊಳಗೆ ಕೂರುತ್ತದೆ.

ಎರಡನೆಯದು ಭಾಷೆ. ಆಟದ ಸೂಚನೆಯನ್ನು ಬಿಡಿಸಿಕೊಳ್ಳುವಷ್ಟರಲ್ಲಿ ಮಗುವಿನ ಹುರುಪು ಆರಿದರೆ, ಅದು ಆಹಾರದ ಪಾಠವಾಗಿ ಉಳಿಯುವುದಿಲ್ಲ, ಇಂಗ್ಲಿಷ್ ಪರೀಕ್ಷೆಯಾಗುತ್ತದೆ.

ಮೂರನೆಯದು ಹೆಚ್ಚು ಎಚ್ಚರ ಬೇಡುವಂಥದ್ದು. ನೆದರ್ಲೆಂಡ್ಸಿನಲ್ಲಿ ಫ್ರಾನ್ಸ್ ಫೋಕ್‌ವೋರ್ಡ್ ಮತ್ತು ಸಂಗಡಿಗರು 270 ಮಕ್ಕಳಿಗೆ ಜಾಹೀರಾತಿನ ಆಟಗಳನ್ನು ಆಡಿಸಿ, ಬಳಿಕ ಅವರು ಎಷ್ಟು ತಿನ್ನುತ್ತಾರೆಂದು ಅಳೆದರು. 2013ರ ವರದಿಯಂತೆ, ಸಿಹಿತಿನಿಸಿನ ಆಟ ಆಡಿದ ಮಕ್ಕಳು ಹೆಚ್ಚು ತಿಂದರು. ಹಣ್ಣಿನ ಆಟ ಆಡಿದವರೂ ಒಟ್ಟಿನಲ್ಲಿ ಹೆಚ್ಚೇ ತಿಂದರು. ಪರದೆಯ ಮೇಲೆ ತಿನಿಸಿನ ಬಣ್ಣ ಬಣ್ಣದ ಚಿತ್ರ ಕುಣಿಸಿದರೆ ಬಾಯಿ ನೀರೂರುತ್ತದೆ, ಕೈ ಎದುರಿಗಿದ್ದದ್ದಕ್ಕೆ ಹೋಗುತ್ತದೆ. ಹಣ್ಣಿನ ಚಿತ್ರ ತೋರಿಸಿದೆವು, ಇನ್ನು ಮಕ್ಕಳು ಹಣ್ಣು ತಿನ್ನುತ್ತಾರೆ ಎಂದು ನಂಬಿ ಕೂರುವಂತಿಲ್ಲ. ಆಟದ ನಂತರ ಎದುರಿಗೆ ಏನಿದೆ ಎಂಬುದೇ ನಿರ್ಣಾಯಕ.

ನಾಲ್ಕನೆಯದು ಮಕ್ಕಳ ಮಾನದ ಪ್ರಶ್ನೆ. ತೂಕ, ಎತ್ತರ ತುಂಬಿಸಿ ಎಲ್ಲರೆದುರು ಕೆಂಪು, ಹಸಿರು ಬಣ್ಣ ತೋರಿಸುವ ಆಟಗಳು ಸಣಕಲು ಮಗುವನ್ನೂ ದಪ್ಪನೆಯ ಮಗುವನ್ನೂ ಒಂದೇ ಏಟಿಗೆ ನೋಯಿಸುತ್ತವೆ. ಮಕ್ಕಳ ಹೆಸರು, ಫೋನ್ ನಂಬರು ಕೇಳುವ ಆಪ್‌ಗಳನ್ನು ಶಾಲೆ ದೂರವಿಡಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹದಿನೆಂಟರ ಒಳಗಿನವರ ಮಾಹಿತಿಗೆ ಪಾಲಕರ ಒಪ್ಪಿಗೆ ಕಡ್ಡಾಯ ಎನ್ನುತ್ತದೆ. ಮಕ್ಕಳನ್ನು ಗುರಿಯಾಗಿಸಿದ ಜಾಹೀರಾತನ್ನೂ ಅದು ಒಪ್ಪುವುದಿಲ್ಲ.

ರಬಕವಿಯ ಗಂಗಾಳದಲ್ಲಿ ಆಟಕ್ಕೆ ಸರಕಿದೆ

ಒಳ್ಳೆಯ ಆಟಕ್ಕೆ ಬೇಕಾದದ್ದು ಕುತೂಹಲ ಹುಟ್ಟಿಸುವ ಕಾರ್ಯ-ಕಾರಣ. ಅದು ನಮ್ಮ ಊಟದಲ್ಲಿ ಸಮೃದ್ಧವಾಗಿದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಭಾರತೀಯ ಆಹಾರ ಸಂಯೋಜನಾ ಕೋಷ್ಟಕದಲ್ಲಿ 528 ಆಹಾರಗಳ ಲೆಕ್ಕವಿದೆ. ನೂರು ಗ್ರಾಂ ಪಾಲಿಶ್ ಅಕ್ಕಿಯಲ್ಲಿ ಕಬ್ಬಿಣ ಒಂದು ಮಿಲಿಗ್ರಾಮಿಗಿಂತ ಕಡಿಮೆ, ಜೋಳದಲ್ಲಿ ಸುಮಾರು ನಾಲ್ಕು, ಸಜ್ಜೆಯಲ್ಲಿ ಸುಮಾರು ಆರು. ಸಂಕ್ರಾಂತಿಗೆ ಎಳ್ಳು ಹಚ್ಚಿ ಬಡಿದ ಸಜ್ಜಿ ರೊಟ್ಟಿಯನ್ನು ಈ ಲೆಕ್ಕದ ಎದುರು ಇಟ್ಟು ನೋಡಿದರೆ, ಹಿರಿಯರ ಚಳಿಗಾಲದ ಅಡುಗೆಯ ಜಾಣ್ಮೆ ಮಗುವಿಗೆ ತಾನಾಗಿ ಹೊಳೆಯುತ್ತದೆ.

ಕಬ್ಬಿಣ ಗಂಗಾಳದಲ್ಲಿದ್ದರೆ ಸಾಲದು, ರಕ್ತಕ್ಕೆ ಸೇರಬೇಕು. ಧಾನ್ಯ, ಕಾಳುಗಳಲ್ಲಿರುವ ಫೈಟೇಟ್ ಎಂಬ ವಸ್ತು ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತದೆ. ಮಡಕಿ ಕಾಳನ್ನು ನೆನೆಹಾಕಿ ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿದರೆ ಆ ಹಿಡಿತ ಸಡಿಲುತ್ತದೆ, ಸಿ ಜೀವಸತ್ವವೂ ಹುಟ್ಟುತ್ತದೆ. ಪಲ್ಯದ ಮೇಲೆ ಲಿಂಬೆ ಹಿಂಡಿದರೆ ಕಬ್ಬಿಣ ಇನ್ನಷ್ಟು ಸುಲಭವಾಗಿ ಒಳಸೇರುತ್ತದೆ. ಊಟದ ಜೊತೆಗೇ ಚಹಾ ಕುಡಿದರೆ ಅದರ ಟ್ಯಾನಿನ್ ಬಾಗಿಲು ಮುಚ್ಚುತ್ತದೆ. ಒಂದು ಗಂಟೆ ತಡೆದು ಕುಡಿದರೆ ಹಾನಿ ಕಡಿಮೆ. ಒಂದೇ ಗಂಗಾಳ, ಅದೇ ರೊಟ್ಟಿ, ಅದೇ ಪುಂಡಿಪಲ್ಯ. ಲಿಂಬೆ ಇಟ್ಟಾಗ ಒಂದು ಫಲ, ಚಹಾ ಇಟ್ಟಾಗ ಇನ್ನೊಂದು. ಪರದೆಯ ಮೇಲೆ ಇದನ್ನು ಬೆರಳಿನಿಂದ ಬದಲಿಸಿ, ನೂರಿಪ್ಪತ್ತು ದಿನ ಓಡಿಸಿ ನೋಡುವ ಆಟವೊಂದು ಇದ್ದರೆ, ಅದು ಹತ್ತು ಭಾಷಣಗಳಿಗೆ ಸಮ.

ಇನ್ನೊಂದು ಆಟಕ್ಕೆ ವಾರದ ಸಂತೆಯೇ ಅಂಗಳ. ಮಗುವಿನ ಕೈಯಲ್ಲಿ ಮಗ್ಗದ ಕೂಲಿಯ ಇಂತಿಷ್ಟು ರೂಪಾಯಿ. ಮನೆಯಲ್ಲಿ ತಾನಲ್ಲದೆ ಐದು ಮಂದಿ: ಅಜ್ಜಿ, ಬಸುರಿ ಅತ್ತಿಗೆ, ಶಾಲೆಗೆ ಹೋಗುವ ತಮ್ಮ, ಅಪ್ಪ, ಅವ್ವ. ಮೆಂತ್ಯೆ, ಹಕ್ಕರಿಕೆ, ಮೂಲಂಗಿ, ಗಜ್ಜರಿ, ಹೆಸರುಕಾಳು, ಶೇಂಗಾ, ಮೊಟ್ಟೆ, ಬಾಳೆಹಣ್ಣು, ಜೊತೆಗೆ ಪಾಕೀಟಿನ ಕುರುಕಲು. ಮಳೆ ಹೆಚ್ಚಾದ ವಾರ ಸೊಪ್ಪಿನ ದರ ಏರುತ್ತದೆ, ಮಗ್ಗ ನಿಂತ ವಾರ ಕೂಲಿ ಇಳಿಯುತ್ತದೆ. ಏನು ಕೊಳ್ಳುವುದು, ಏನು ಬಿಡುವುದು? ಈ ಆಟದಲ್ಲಿ ಗಣಿತವಿದೆ, ವಿಜ್ಞಾನವಿದೆ, ಮನೆ ನಡೆಸುವ ಅವ್ವನ ಬಗೆಗಿನ ಗೌರವವಿದೆ. ಬಡತನವನ್ನು ಮರೆಮಾಚಿ ಆಹಾರದ ಪಾಠ ಹೇಳುವುದು ಮಕ್ಕಳಿಗೆ ಮಾಡುವ ಅನ್ಯಾಯ. ಸಂತೆಯ ಆಟ ಅದನ್ನು ನೇರವಾಗಿ ಎದುರಿಗಿಟ್ಟುಕೊಂಡು ಯೋಚಿಸಲು ಕಲಿಸುತ್ತದೆ.

ಮೂರನೆಯದು ಕಬ್ಬಿನ ನಾಡಿಗೇ ಸಲ್ಲುವ ಆಟ: ಒಂದು ದಿನದಲ್ಲಿ ಹೊಟ್ಟೆ ಸೇರಿದ ಸಕ್ಕರೆಯ ಲೆಕ್ಕ. ಬೆರೆಸಿದ ಸಕ್ಕರೆ ದಿನದ ಒಟ್ಟು ಶಕ್ತಿಯ ಹತ್ತರಲ್ಲೊಂದು ಪಾಲನ್ನು ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು. ಚಹಾದ ಚಮಚಗಳು, ಬಾಟಲಿಯ ತಂಪು ಪಾನೀಯ, ಬಿಸ್ಕೀಟು, ಕೊನೆಗೆ ಬೆಲ್ಲ. ಬೆಲ್ಲದಲ್ಲಿ ತುಸು ಕಬ್ಬಿಣವಿದ್ದರೂ ಅದರ ಬಹುಪಾಲು ಸಕ್ಕರೆಯೇ ಎಂಬ ಮಾತನ್ನು ಬೆಲ್ಲದ ಊರಿನ ಮಗು ತಾನೇ ಲೆಕ್ಕಹಾಕಿ ಕಂಡುಕೊಂಡರೆ ಒಪ್ಪುತ್ತದೆ. ನಾವು ಹೇಳಿದರೆ ಒಪ್ಪುವುದು ಕಷ್ಟ.

ಒಟ್ಟು ಅಳತೆಗೋಲಾಗಿ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿಯ ತಟ್ಟೆ ಇದೆ. ದಿನಕ್ಕೆ ಎರಡು ಸಾವಿರ ಕ್ಯಾಲರಿಯ ಊಟದಲ್ಲಿ ಧಾನ್ಯ 250 ಗ್ರಾಂ, ಸೊಪ್ಪು-ತರಕಾರಿ 400, ಬೇಳೆಕಾಳು ಅಥವಾ ಮೊಟ್ಟೆ-ಮಾಂಸ 85, ಹಣ್ಣು 100, ಶೇಂಗಾ-ಎಳ್ಳಿನಂಥ ಬೀಜಗಳು 35 ಗ್ರಾಂ, ಹಾಲು 300 ಮಿಲಿಲೀಟರ್. ರೊಟ್ಟಿಯ ಜೊತೆ ಹಸಿ ಮೆಂತ್ಯೆ, ಸೌತೆಕಾಯಿ, ಉಳ್ಳಾಗಡ್ಡಿ, ಕಾಳುಪಲ್ಯ, ಶೇಂಗಾ ಹಿಂಡಿ, ಕೆನೆಮೊಸರು ಇಟ್ಟ ನಮ್ಮ ಊಟ ಈ ತಟ್ಟೆಗೆ ಬಹಳ ಸಮೀಪ. ಅದರಿಂದ ನಾವು ಎಷ್ಟು ದೂರ ಸರಿದಿದ್ದೇವೆ ಎಂಬುದನ್ನು ಆಟ ಅಳೆಯಲಿ.

ಪರದೆ ಎಷ್ಟು, ಹಲಗೆ ಎಷ್ಟು

ಸಾಧನವಿಲ್ಲ ಎಂಬ ಮಾತು ಪೂರ್ತಿ ನಿಜವಲ್ಲ. 2024ರ ಅಸರ್ ಶಿಕ್ಷಣ ಸಮೀಕ್ಷೆಯ ವರದಿಯಂತೆ ಗ್ರಾಮೀಣ ಭಾರತದ 14-16 ವರ್ಷದವರಲ್ಲಿ ಶೇ 82.2 ಮಂದಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ. ಅವರಲ್ಲಿ ಹಿಂದಿನ ವಾರ ಅದನ್ನು ಓದಿಗೆ ಬಳಸಿದವರು ಶೇ 57, ಸಾಮಾಜಿಕ ಜಾಲತಾಣಕ್ಕೆ ಬಳಸಿದವರು ಶೇ 76. ಫೋನು ಮನೆ ಹೊಕ್ಕಾಗಿದೆ. ಒಳ್ಳೆಯ ಕನ್ನಡದ ಆಟ ಅದರೊಳಗೆ ಹೊಗಬೇಕಿದೆ. ಪಠ್ಯಪುಸ್ತಕದ ಕ್ಯೂಆರ್ ಕೋಡಿನಿಂದ ತೆರೆಯುವ, 2017ರಲ್ಲಿ ಶುರುವಾದ ದೀಕ್ಷಾ ವೇದಿಕೆ ಇದೆ. ಶಿಕ್ಷಕರೇ ಕಟ್ಟಿದ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ತಾಣವಿದೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಆಹಾರ ಮತ್ತು ಪೋಷಣೆಯ ತಜ್ಞರಿದ್ದಾರೆ, ಬಾಗಲಕೋಟೆಯಲ್ಲಿ ತೋಟಗಾರಿಕಾ ವಿಶ್ವವಿದ್ಯಾಲಯವಿದೆ. ಇವರೂ ಶಿಕ್ಷಕರೂ ಕೂಡಿ ಕುಳಿತರೆ ಬಾಗಲಕೋಟೆಯ ಊಟದ ಮೇಲೊಂದು ಆಟ ಕಟ್ಟುವುದು ಅಸಾಧ್ಯವಲ್ಲ.

ಆದರೂ ಮಗುವಿಗೊಂದು ಫೋನು ಎಂಬುದು ನನ್ನ ಬೇಡಿಕೆಯಲ್ಲ. ನಲವತ್ತು ಮಕ್ಕಳ ತರಗತಿಗೆ ಒಂದು ಪರದೆ ಸಾಕು. ಪರದೆಯ ಎದುರು ಎಂಟೆಂಟು ಮಕ್ಕಳ ಐದು ಗುಂಪು ಕೂತು, ವಾದಿಸಿ, ಒಮ್ಮತಕ್ಕೆ ಬಂದು ಆಡುವಾಗ ನಡೆಯುವ ಮಾತೇ ನಿಜವಾದ ಪಾಠ. ಕರೆಂಟು ಹೋದ ದಿನ ಅದೇ ಆಟ ರಟ್ಟಿನ ಹಲಗೆಯ ಮೇಲೆ ಮುಂದುವರಿಯಬೇಕು: ಏಣಿಯ ಬುಡದಲ್ಲಿ ಮೊಳಕೆಕಾಳು, ಹಾವಿನ ಬಾಯಲ್ಲಿ ಊಟದ ಜೊತೆಗಿನ ಚಹಾ. ಚೌಕಾಬಾರಾದ ಮನೆಗಳನ್ನು ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆಯಬಲ್ಲ ಮಕ್ಕಳಿಗೆ ಇದನ್ನು ಬರೆಯುವುದು ದೊಡ್ಡದಲ್ಲ. ತಾವೇ ಬರೆದ ಹಲಗೆಯ ನಿಯಮಗಳು ಅವರಿಗೆ ಮರೆಯುವುದೂ ಇಲ್ಲ.

ಆಟದ ಕೊನೆಯ ಮನೆ

ಕರ್ನಾಟಕದ ಶಾಲೆಗಳ ಕೈಯಲ್ಲಿ ಒಂದು ದೊಡ್ಡ ಸೌಕರ್ಯವಿದೆ. ಆಟ ಮುಗಿದ ಅರ್ಧ ಗಂಟೆಯಲ್ಲಿ ಇಡೀ ತರಗತಿ ಒಟ್ಟಿಗೆ ಊಟಕ್ಕೆ ಕೂರುತ್ತದೆ. 2001ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಶಾಲೆಯಲ್ಲಿ ಬೇಯಿಸಿದ ಊಟ ಕೊಡಬೇಕೆಂದು ಆದೇಶಿಸಿತು. 2002ರ ಜೂನಿನಲ್ಲಿ ರಾಜ್ಯದ ಈಶಾನ್ಯದ ಏಳು ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಎಂಬ ಬಿಸಿಯೂಟ ಯೋಜನೆ ಶುರುವಾಗಿ ಮರುವರ್ಷ ಉಳಿದೆಡೆಗೂ ಹರಡಿತು. ಕಿರಿಯ ಪ್ರಾಥಮಿಕದ ಮಗುವಿಗೆ 450 ಕ್ಯಾಲರಿ, 12 ಗ್ರಾಂ ಪ್ರೋಟೀನು. ಹಿರಿಯ ಪ್ರಾಥಮಿಕದ ಮಗುವಿಗೆ 700 ಕ್ಯಾಲರಿ, 20 ಗ್ರಾಂ ಪ್ರೋಟೀನು ಎಂಬುದು ನಿಯಮ. 2013ರ ಆಗಸ್ಟಿನಿಂದ ಕ್ಷೀರಭಾಗ್ಯದ ಹಾಲು ಬಂತು. 2024ರಲ್ಲಿ ಹಾಲಿನ ಜೊತೆ ವಾರಕ್ಕೆ ಮೂರು ದಿನ ರಾಗಿ ಮಾಲ್ಟ್ ಸೇರಿತು. ಅದೇ ವರ್ಷ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನಿಂದ ವಾರಕ್ಕೆ ಆರು ದಿನ ಮೊಟ್ಟೆ, ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು ಎಂಬ ವ್ಯವಸ್ಥೆ ಬಂತು.

ಈ ಬಿಸಿಯೂಟ ನಮ್ಮ ಪ್ರಯೋಗಶಾಲೆ. ಇಂದು ಸಾಂಬಾರಿಗೆ ಬಿದ್ದ ಬೇಳೆ ಎಷ್ಟು, ತರಕಾರಿ ಎಷ್ಟು ಎಂದು ಮಕ್ಕಳು ಅಡುಗೆಯವ್ವನನ್ನು ಕೇಳಿ ಹಲಗೆಯ ಮೇಲೆ ಬರೆಯಲಿ. ನಿನ್ನೆಯ ಆಟದಲ್ಲಿ ಕಂಡದ್ದನ್ನು ಇಂದಿನ ತಾಟಿನಲ್ಲಿ ಹುಡುಕಲಿ. ಶಾಲೆಯ ಕೈತೋಟದಲ್ಲಿ ಒಂದು ಲಿಂಬೆಗಿಡ, ಒಂದು ನುಗ್ಗೆಮರ ಬೆಳೆಯಲಿ. ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಗೆ ಬಂದ ತಾಯಂದಿರನ್ನೂ ಒಂದು ಸುತ್ತು ಆಟಕ್ಕೆ ಕೂರಿಸಬೇಕು. ಮಗು ಎಷ್ಟು ಕಲಿತರೂ ಒಲೆಯ ಮುಂದೆ ಕೂರುವವರು ಅವರು. ವರ್ಷದ ಕೊನೆಗೆ ಆಟದ ಅಂಕಗಳನ್ನು ಎಣಿಸುವ ಬದಲು, ತಾಟಿನಲ್ಲಿ ಉಳಿದ ಸೊಪ್ಪು ಜೂನ್‌ನಲ್ಲಿ ಎಷ್ಟಿತ್ತು, ಮಾರ್ಚಿನಲ್ಲಿ ಎಷ್ಟಾಯಿತು ಎಂದು ತೂಗಿ ನೋಡಲಿ. ಅದಕ್ಕೆ ಒಂದು ತಕ್ಕಡಿ, ಒಂದು ವಹಿ ಸಾಕು.

ಜಾಲತಾಣ, ಆಟಗಳಿಂದ ಆಹಾರ ಕಲಿಸಬಹುದೇ ಎಂಬ ಪ್ರಶ್ನೆಗೆ ಉತ್ತರ ಹೌದು ಎಂಬುದೇ. ಆಟದೊಳಗಿನ ಊಟ ಮಗುವಿನ ಊಟವೇ ಆಗಿರಬೇಕು, ಮಾತು ಮಗುವಿನ ಮಾತೇ ಆಗಿರಬೇಕು, ಆಟದ ಕೊನೆಯ ಮನೆ ಗಂಗಾಳದ ಮುಂದೆ ಇರಬೇಕು. ಹಾಗಾದಾಗ ಆ ಎಂಟನೇ ತರಗತಿಯ ಹುಡುಗಿ ಗೆದ್ದದ್ದು ಯಾವ ಪರದೆಯ ಮೇಲೂ ಕಾಣುವುದಿಲ್ಲ. ರಾತ್ರಿ ಮಗ್ಗದ ಸದ್ದು ನಿಂತ ಮೇಲೆ, ಅಡುಗೆಮನೆಯಲ್ಲಿ ಅವಳು ಹೇಳುವ ಒಂದು ಮಾತಿನಲ್ಲಿ ಅದು ಕೇಳುತ್ತದೆ: “ಅವ್ವಾ, ಊಟದ ಕೂಡ ಚಾ ಬ್ಯಾಡ. ಒಂದು ಲಿಂಬಿಕಾಯಿ ಹೋಳು ಕೊಡು.”